ಮೂರು ಕಂಡದ ನೀರು

ಪಂಪ್‌ವೆಲ್ಲಿನಿಂದ ತೆಂಕಕ್ಕೆ ಹೆದ್ದಾರಿಯಲ್ಲೇ ಹತ್ತು ನಿಮಿಷ ನಡೆದರೆ ಎಡಗಡೆ ಮೂರು ಗದ್ದೆಗಳಿದ್ದವು. ಗುಡ್ಡದ ಬುಡಕ್ಕಿದ್ದದ್ದು ಕೊಡಿ ಕಂಡ, ಅದರ ಕೆಳಗಿನದು ನಡು ಕಂಡ, ರಸ್ತೆಯ ಬದಿಯದು ಬೈಲ ಕಂಡ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಕಿನ್ನಿಯ ಮನೆಯ ಪಕ್ಕದಲ್ಲಿ ಹಾದು ಕೊಡಿ ಕಂಡಕ್ಕೆ ಬೀಳುತ್ತಿತ್ತು. ಅಲ್ಲಿಂದ ಬದುಗಳಲ್ಲಿ ಬಿಟ್ಟ ಕಂಡಿಗಳ ಮೂಲಕ ಗದ್ದೆಯಿಂದ ಗದ್ದೆಗೆ ಇಳಿದು, ಕೊನೆಗೆ ರಸ್ತೆ ಬದಿಯ ತೋಡು ಸೇರುತ್ತಿತ್ತು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಡಬೇಕಾದ ಸಂಗತಿ ಎಂದು ಯಾರಿಗೂ ಅನಿಸಿರಲಿಲ್ಲ.

ಗದ್ದೆಗಳು ಮಣ್ಣಗುಡ್ಡದ ಜಲಜಾಕ್ಷಿಯಮ್ಮನವು. ತಾಯಿಯ ಕಡೆಯಿಂದ ಅವರಿಗೆ ಬಂದದ್ದು. ಕಿನ್ನಿಯ ತಂದೆ ಅವನ್ನು ಗೇಣಿಗೆ ಮಾಡುತ್ತಿದ್ದ. ಅವನು ಹೋದ ಮೇಲೆ ಅಣ್ಣ ದುಗ್ಗಪ್ಪ ಮಾಡಿದ. ಕಿನ್ನಿ ಮದುವೆಯಾದ ಮೇಲೂ ಊರು ಬಿಡಲಿಲ್ಲ. ಗಂಡ ಬೂಬ ಹೊಳೆ ಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೊಡಿ ಕಂಡದ ಅಂಚಿನ ಐದು ಸೆಂಟ್ಸ್ ಜಾಗದಲ್ಲಿ ಅವಳ ತಾಯಿ ಕಟ್ಟಿದ ಮನೆಯಲ್ಲಿ ಇಬ್ಬರೂ ಇದ್ದರು. ಆ ಮನೆ ಗದ್ದೆಗಿಂತ ಸೊಂಟದಷ್ಟು ಎತ್ತರದಲ್ಲಿತ್ತು. ಬಾಗಿಲಲ್ಲಿ ನಿಂತರೆ ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ಬೋರ್ಡು ಓದಬಹುದಿತ್ತು.

ಎಪ್ಪತ್ತಾರರಲ್ಲಿ ಭೂನ್ಯಾಯಮಂಡಳಿಯ ಮುಂದೆ ಗೇಣಿ ಗದ್ದೆ ತನ್ನ ಹೆಸರಿಗಾಗಬೇಕೆಂದು ದುಗ್ಗಪ್ಪ ಹಾಕಿದ ಅರ್ಜಿ ವಿಚಾರಣೆಗೆ ಬಂತು. ಜಲಜಾಕ್ಷಿಯಮ್ಮ ತಕರಾರು ಹಾಕಿದ್ದರು. ದುಗ್ಗಪ್ಪ ಕಿನ್ನಿಯನ್ನು ತನ್ನ ಸಾಕ್ಷಿಯಾಗಿ ಕರೆದುಕೊಂಡು ಹೋದ.

"ಈ ಗದ್ದೆ ಮಾಡುವವರು ಯಾರು?" ಎಂದು ಅಧಿಕಾರಿ ಕೇಳಿದರು.

"ನನ್ನ ಅಣ್ಣ."

"ನೀವು ಎಂತ ಮಾಡುವುದು?"

"ನಾನು ನೇಜಿ ನೆಡುವುದು, ಕೊಯ್ಯುವುದು. ಕಳೆ ತೆಗೆಯುವುದೂ ನಾನೇ."

ಗುಮಾಸ್ತ ಮೊದಲನೆಯ ಉತ್ತರವನ್ನು ಬರೆದುಕೊಂಡ. ಎರಡನೆಯದನ್ನು ಬರೆಯಲಿಲ್ಲ. ಕಿನ್ನಿ ಅದನ್ನು ಗಮನಿಸಿದಳು, ಆದರೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಗದ್ದೆ ದುಗ್ಗಪ್ಪನ ಹೆಸರಿಗಾಯಿತು, ಮನೆಯಡಿ ಜಾಗ ಕಿನ್ನಿಯ ಹೆಸರಿಗಾಯಿತು. ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಜಲಜಾಕ್ಷಿಯಮ್ಮ ಕೊಡೆ ಬಿಡಿಸಿಕೊಂಡು ಎದ್ದು ಹೋದರು. ಆ ದಿನದಿಂದ ಅವರು ದುಗ್ಗಪ್ಪನೊಡನೆ ಮಾತಾಡಲಿಲ್ಲ.

ಮುಂದಿನ ಎಂಟು ವರ್ಷಗಳಲ್ಲಿ ಪಂಪ್‌ವೆಲ್ಲಿನ ಸುತ್ತಮುತ್ತ ಬೇಸಾಯ ಮಾಡುವವರು ಕಡಿಮೆಯಾದರು. ಗಂಡಸರು ದುಬೈಗೋ ಬೊಂಬಾಯಿಗೋ ಹೋದರು. ಹೆಂಗಸರು ನೇಜಿ ನೆಡಲು ಬರುವುದು ಬಿಟ್ಟು ಬೀಡಿ ಕಟ್ಟಲು ಕೂತರು. ಕಿನ್ನಿಯೂ ಬೀಡಿ ಕಟ್ಟಿದಳು. ದುಗ್ಗಪ್ಪನ ಮಗನಿಗೆ ಮಸ್ಕತಿನ ವೀಸಾ ಬರುವುದಿತ್ತು; ಮಗಳಿಗೆ ಗಂಡು ನೋಡಿಯಾಗಿತ್ತು. ಎಂಬತ್ತನಾಲ್ಕರ ಕೊನೆಯಲ್ಲಿ ಅವನು ಮೂರೂ ಗದ್ದೆಗಳನ್ನು ಕೊಟ್ಟುಬಿಟ್ಟ. ಮಂಡಳಿಯಿಂದ ಬಂದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿರಲಿಲ್ಲ, ಹಾಗಾಗಿ ಮಾರಾಟ ಎನ್ನದೆ ಕರಾರು ಎಂದು ಬರೆದರು. ತೆಗೆದುಕೊಂಡವನು ತಾರಾನಾಥ, ಜಲಜಾಕ್ಷಿಯಮ್ಮನ ಹಿರಿಯ ಮಗ. ಬೊಂಬಾಯಿಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದವನು. ಹೆದ್ದಾರಿಗೆ ಮುಖಮಾಡಿ ಒಂದು ಲಾಡ್ಜು ಕಟ್ಟುವುದು ಅವನ ಯೋಚನೆ.

ದುಗ್ಗಪ್ಪ ಗುಡ್ಡದ ಆಚೆ, ಪಡೀಲಿನ ಕಡೆ ತಾರಸಿ ಮನೆ ಮಾಡಿಕೊಂಡು ಹೋದ. ಮನೆಯೊಕ್ಕಲಿಗೆ ಕಿನ್ನಿ ಹೋಗಿ ಎರಡು ದಿನ ಇದ್ದು ಅತ್ತಿಗೆ ದೇಯಿಗೆ ಅಡುಗೆಯಲ್ಲಿ ಸಹಾಯ ಮಾಡಿ ಬಂದಳು.

ಜನವರಿಯಲ್ಲಿ ಲಾರಿಗಳು ಬರತೊಡಗಿದವು. ಎಲ್ಲೋ ಗುಡ್ಡ ಕಡಿದ ಕೆಂಪು ಮಣ್ಣು. ಬೈಲ ಕಂಡ ಮೊದಲು ಮುಚ್ಚಿತು. ಕಿನ್ನಿ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ನೋಡುತ್ತಿದ್ದಳು. ಮಾರ್ಚಿನಲ್ಲಿ ಮಣ್ಣು ಕೊಡಿ ಕಂಡಕ್ಕೆ ತಲುಪಿತು, ಏಪ್ರಿಲಿನಲ್ಲಿ ಅವಳ ಕಿಟಕಿಯ ಮಟ್ಟಕ್ಕೆ ಬಂತು. ಮಣ್ಣು ಜಾರದಂತೆ ಅದರ ಅಂಚಿನಲ್ಲಿ ಬುಡದಿಂದಲೇ ಮುರಕಲ್ಲಿನ ಕಂಪೌಂಡು ಗೋಡೆ ಎದ್ದಿತು. ಬಸ್ಸಿನ ಬೋರ್ಡು ಕಾಣುವುದು ನಿಂತು, ಬಸ್ಸಿನ ಸದ್ದು ಮಾತ್ರ ಕೇಳತೊಡಗಿತು. ಮನೆ ಇದ್ದಲ್ಲಿಯೇ ಇತ್ತು. ಸುತ್ತಲಿನದು ಏರಿ, ಮನೆಯಿದ್ದ ಜಾಗ ಹೊಂಡವಾಯಿತು.

"ಮಳೆ ಬಂದರೆ ನೀರು ಎಲ್ಲಿಗೆ ಹೋಗ್ತದೆ ಮಾರಾಯ್ತಿ?" ಎಂದು ಬೂಬ ಒಂದು ಸಂಜೆ ಕೇಳಿದ.

"ಅವರು ಎಂತಾದರೂ ಮಾಡಿಯಾರು. ಅಷ್ಟು ದೊಡ್ಡ ಕಟ್ಟಡ ಕಟ್ಟುವವರು," ಎಂದಳು ಕಿನ್ನಿ.

ಜೂನ್ ಹನ್ನೊಂದರಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ವಾಪಸು ಬಂದಾಗ ಅಂಗಳದಲ್ಲಿ ಮೊಣಕಾಲುದ್ದ ನೀರಿತ್ತು. ಗುಡ್ಡದಿಂದ ಬಂದ ನೀರು ಕಂಪೌಂಡು ಗೋಡೆಗೆ ಬಡಿದು ಹಿಂದಕ್ಕೆ ತಿರುಗಿತ್ತು. ಒಳಗೆ ಚಾಪೆ ತೇಲುತ್ತಿತ್ತು. ಒಲೆ ಕರಗಿ ಬೂದಿಯೆಲ್ಲ ಮೇಲೆ ಬಂದಿತ್ತು. ನೆನೆಸಿ ಕತ್ತರಿಸಿಟ್ಟ ಒಂದು ವಾರದ ಬೀಡಿ ಎಲೆ ಮೂಲೆಯಲ್ಲಿ ಕೆಸರಿನೊಂದಿಗೆ ಸೇರಿಹೋಗಿತ್ತು. ಅವಳು ಮೊದಲು ಹೊಗೆಸೊಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು; ಆಮೇಲೆ ಅಕ್ಕಿಯನ್ನು. ನೀರು ಇಳಿಯಲು ಮೂರು ದಿನ ಬೇಕಾಯಿತು.

ನಾಲ್ಕನೆಯ ದಿನ ಅವಳು ಅಣ್ಣನ ಮನೆಗೆ ಹೋದಳು. ದೇಯಿ ಕಾಫಿ ಕೊಟ್ಟಳು. ದುಗ್ಗಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ.

"ಅಣ್ಣ, ನೀನು ಒಂದು ಮಾತು ತಾರಾನಾಥಣ್ಣನ ಹತ್ತಿರ ಹೇಳು. ಗೋಡೆಯ ಅಡಿಯಲ್ಲಿ ಒಂದು ಕಂಡಿ ಬಿಟ್ಟರೆ ಸಾಕು."

"ನಾನು ಎಂತ ಹೇಳುವುದು? ಕೊಟ್ಟ ಮೇಲೆ ಅದರಲ್ಲಿ ನನ್ನದು ಎಂತ ಉಂಟು?"

"ಹೇಳಿದರೆ ನಷ್ಟ ಎಂತ?"

"ಕಿನ್ನಿ, ಅದು ಈಗ ಅವರ ಜಾಗ," ಎಂದ ದುಗ್ಗಪ್ಪ. "ಅವರ ಜಾಗದಲ್ಲಿ ಹೀಗೆ ಮಾಡಿ, ಹಾಗೆ ಮಾಡಿ ಅಂತ ನಾನು ಹೋಗಿ ಹೇಳಿದರೆ ಚೆಂದ ಉಂಟಾ?"

ಕಿನ್ನಿ ಕಾಫಿಯ ಲೋಟವನ್ನು ಅರ್ಧದಲ್ಲೇ ಕೆಳಗಿಟ್ಟು ಎದ್ದಳು. ಅಣ್ಣನಿಗೆ ಮಾತು ಬಾರದ್ದಲ್ಲ, ಆಡಲು ಮನಸ್ಸಿಲ್ಲ ಎಂದು ಅವಳಿಗೆ ಖಚಿತವಾಗಿತ್ತು. ಆಮೇಲೆ ಎರಡು ವರ್ಷ ಅವಳು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ದುಗ್ಗಪ್ಪನ ಮಗಳ ಮದುವೆಗೆ ಬೂಬ ಒಬ್ಬನೇ ಹೋಗಿ ಬಂದ.

ಪಾಲಿಕೆಗೆ ಅರ್ಜಿ ಕೊಡಬೇಕು ಎಂದು ಬ್ರಾಂಚಿನ ಹೆಂಗಸರು ಹೇಳಿದರು. ಯಾರಿಂದಲೋ ಬರೆಸಿ ಕೊಟ್ಟಳು. ಮಳೆಗಾಲ ಮುಗಿದ ಮೇಲೆ ಆರ್ಥರ್ ಎಂಬ ಓವರ್‌ಸಿಯರ್ ಬಂದರು. ಒಳ್ಳೆಯ ಮನುಷ್ಯ. ಪ್ಯಾಂಟಿನ ಕಾಲು ಮಡಚಿಕೊಂಡು ಮನೆಯ ಸುತ್ತ ನಡೆದು ನೋಡಿದರು. ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ಟೇಪಿನಿಂದ ಅಳೆದರು. ಆಮೇಲೆ ಜಗಲಿಯಲ್ಲಿ ಕೂತು ಸರ್ವೆಯ ನಕ್ಷೆಯನ್ನು ಬಿಡಿಸಿದರು.

"ಇದರಲ್ಲಿ ಇಲ್ಲಿ ತೋಡು ಇಲ್ಲಮ್ಮ," ಎಂದರು.

"ತೋಡು ಅಲ್ಲ, ನೀರು ಗದ್ದೆಯಲ್ಲೇ ಹೋಗ್ತಿತ್ತು. ಕಂಡದಿಂದ ಕಂಡಕ್ಕೆ."

"ಅದು ನನಗೆ ಅರ್ಥ ಆಗ್ತದೆ. ಆದರೆ ಸರಕಾರಿ ತೋಡು ಅಂತ ಇದ್ದರೆ ಮುಚ್ಚಿದ್ದು ತಪ್ಪು ಅಂತ ನೋಟಿಸು ಕೊಡಬಹುದು. ಒಬ್ಬರ ಗದ್ದೆಯ ಒಳಗೆ ನೀರು ಹೋಗ್ತಿದ್ದದ್ದಕ್ಕೆ ಯಾವ ರೂಲೂ ಇಲ್ಲ."

"ಹಾಗಾದರೆ ಮಳೆ ನೀರಿನ ಹತ್ತಿರ ರೂಲು ಕೇಳುವುದಾ?"

ಆರ್ಥರ್ ನಕ್ಕರು, ಆದರೆ ನಗೆಯಲ್ಲಿ ಖುಷಿ ಇರಲಿಲ್ಲ. ನಕ್ಷೆ ಮಡಚಿಟ್ಟು, "ನಾನು ರಿಪೋರ್ಟ್ ಬರೀತೇನೆ," ಎಂದರು. ಬರೆದರು ಕೂಡ. ಅದರಿಂದ ಏನೂ ಆಗಲಿಲ್ಲ.

ಆ ಬೇಸಗೆಯಲ್ಲಿ ಬೂಬ ಕಾರ್ಖಾನೆಯಿಂದ ಒಡೆದ ಹೆಂಚುಗಳನ್ನು ಕೈಗಾಡಿಯಲ್ಲಿ ತಂದ. ಕಾರ್ಖಾನೆ ಮುಚ್ಚುವ ಮಾತು ನಡೆದಿತ್ತು. ಒಡೆದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಹೆಂಚಿನ ಚೂರು ಹಾಕಿ, ಮಣ್ಣು ಹಾಕಿ ಗುದ್ದಿ, ಗಂಡ ಹೆಂಡತಿ ಸೇರಿ ಮನೆಯ ನೆಲವನ್ನು ಒಂದೂವರೆ ಅಡಿ ಎತ್ತರಿಸಿದರು. ನೆಲ ಏರಿದಂತೆ ಮಾಡು ತಲೆಗೆ ಹತ್ತಿರವಾಯಿತು. ಬಾಗಿಲಿನ ಕೆಳಭಾಗ ಕೊಯ್ದು ತೆಗೆಯಬೇಕಾಯಿತು. ಉದ್ದದ ಮನುಷ್ಯನಾದ ಬೂಬ ಸ್ವಂತ ಮನೆಯೊಳಗೆ ಬಗ್ಗಿ ನಡೆಯತೊಡಗಿದ. ಎಂಬತ್ತಾರರ ಮಳೆಗೆ ನೀರು ಆ ನೆಲವನ್ನೂ ದಾಟಿ ಬಂತು. ಬರೇ ಎರಡು ಬೆರಳಿನಷ್ಟು, ಆದರೆ ಬಂತು.

ಕಿನ್ನಿ ಮಣ್ಣಗುಡ್ಡಕ್ಕೆ ಹೊರಟದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ. ಹಿತ್ತಲಲ್ಲಿ ಬೆಳೆದ ಹರಿವೆ ಸೊಪ್ಪಿನ ಕಟ್ಟೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಹಳೆಯ ಅಭ್ಯಾಸದಂತೆ ಬದಿಯ ಗೇಟಿನಿಂದ ಹೋದಳು. ಸೊಸೆ ಸ್ನೇಹಲತಾ ಬಾಗಿಲು ತೆರೆದು ಅತ್ತೆಯನ್ನು ಕರೆದಳು. ಮಂಡಿ ನೋವಿನಿಂದ ಗೋಡೆ ಹಿಡಿದು ನಡೆದುಕೊಂಡು ಜಲಜಾಕ್ಷಿಯಮ್ಮ ಬಂದರು.

"ಕಿನ್ನಿಯಾ? ಕೂತ್ಕೊ. ಕೆಳಗೆ ಬೇಡ, ಬೆಂಚಿನ ಮೇಲೆ ಕೂತ್ಕೊ."

ಕಿನ್ನಿ ಬೆಂಚಿನ ಅಂಚಿನಲ್ಲಿ ಕೂತಳು. ಸೊಪ್ಪಿನ ಕಟ್ಟನ್ನು ಪಕ್ಕಕ್ಕಿಟ್ಟಳು.

"ಆ ದಿನ ಸಾಕ್ಷಿ ಹೇಳಿದ್ದು ನೀನೇ ಅಲ್ವಾ?"

"ಹೌದು ಅಮ್ಮ. ಇದ್ದದ್ದನ್ನು ಹೇಳಿದ್ದು."

"ಸುಳ್ಳು ಹೇಳಿದಿ ಅಂತ ನಾನು ಹೇಳಲಿಲ್ಲ," ಎಂದರು ಜಲಜಾಕ್ಷಿಯಮ್ಮ. "ಈಗ ಎಂತ ಬಂದದ್ದು?"

ಕಿನ್ನಿ ಹೇಳಿದಳು. ಮೊದಲ ವರ್ಷದ ನೀರು, ಅಣ್ಣ ಆಡಿದ ಮಾತು, ನಕ್ಷೆ, ಎತ್ತರಿಸಿದ ನೆಲ ಎಲ್ಲವನ್ನೂ. ಮುದುಕಿ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು.

"ಕೊಡಿ ಕಂಡದ ಕಂಡಿ ಹಲಸಿನ ಮರದ ಹತ್ತಿರ ಅಲ್ವಾ ಇದ್ದದ್ದು?"

"ಅಲ್ಲ ಅಮ್ಮ, ಅದು ನಡು ಕಂಡದ್ದು. ಕೊಡಿ ಕಂಡದ್ದು ಕೇದಗೆಯ ಪೊದೆಯ ಕೆಳಗೆ."

"ಕೇದಗೆ ಇದ್ದದ್ದು ಆಚೆ ಬದಿ. ನಾನು ಸಣ್ಣದಿರುವಾಗ ಅಲ್ಲಿ ಮೀನು ಹಿಡಿದಿದ್ದೇನೆ, ನನಗೆ ಗೊತ್ತಿಲ್ವಾ?"

"ಆ ಬದು ಒಂದು ಮಳೆಗಾಲ ಒಡೆದುಹೋಯಿತು. ಅಪ್ಪ ಆಮೇಲೆ ಈಚೆ ತಿರುಗಿಸಿದ್ದು."

ಜಲಜಾಕ್ಷಿಯಮ್ಮ ಸೋತು, "ಇರಬಹುದು," ಎಂದರು. ಅವರ ಮುಖದಲ್ಲಿ ಸಣ್ಣ ನಗೆಯಿತ್ತು. ಆ ಗದ್ದೆಗಳ ಬಗ್ಗೆ ಹೀಗೆ ವಾದ ಮಾಡಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗನಿಗೆ ಅದು ಹೆದ್ದಾರಿ ಬದಿಯ ಸೈಟು.

ಎರಡು ದಿನ ಬಿಟ್ಟು ಅವರು ಕಾರಿನಲ್ಲಿ ಬಂದು ನೋಡಿದರು. ಮಣ್ಣು ಜಾರುತ್ತಿದ್ದ ಕಾಲುದಾರಿಯಲ್ಲಿ ಇಳಿಯಲಾಗದೆ ಕಾರಿನಿಂದಲೇ ಗೋಡೆಯನ್ನೂ, ಅದರ ಕೆಳಗೆ ಕಾಣುತ್ತಿದ್ದ ಕಿನ್ನಿಯ ಮನೆಯ ಮಾಡನ್ನೂ ನೋಡಿ ಹೋದರು. ಮಗನಿಗೆ ಹೇಳಿದರು. ತಾರಾನಾಥ ಆಯಿತು ಎಂದ. ಅವನು ಕೆಟ್ಟವನಾಗಿರಲಿಲ್ಲ. ಆದರೆ ಲಿಂಟಲ್, ಪ್ಲಂಬಿಂಗು, ಲೈಸೆನ್ಸು ಎಂದು ಅವನಿಗೆ ನೂರು ಕೆಲಸವಿತ್ತು, ಈ ಕೆಲಸ ಪ್ರತಿ ಸಲವೂ ಮುಂದಿನ ವಾರಕ್ಕೆ ಹೋಯಿತು. ಎಂಬತ್ತೇಳರ ಏಪ್ರಿಲಿನಲ್ಲಿ ಲಾಡ್ಜು ಉದ್ಘಾಟನೆಯಾಯಿತು. ಗೋಡೆ ಇದ್ದ ಹಾಗೆಯೇ ಇತ್ತು.

ಆ ವರ್ಷ ಮಳೆ ಜೂನ್ ಮೊದಲ ವಾರದಲ್ಲೇ ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ನೀರು ಹೊಸ ನೆಲದ ಅಂಚಿಗೆ ಮುಟ್ಟಿದಾಗ ಬೂಬ ಅಂಗಿ ಹಾಕಿಕೊಂಡು ಹೊರಗೆ ಹೋದ. ಎಲ್ಲಿಗೆ ಎಂದು ಹೇಳಲಿಲ್ಲ. ಕಿನ್ನಿ ಅವನಿಗೆ ಕಾಯಲಿಲ್ಲ. ನೆರೆಮನೆಯ ಪೂವಪ್ಪನಿಂದ ಹಾರೆ ತಂದು ಗೋಡೆಯ ಬುಡಕ್ಕೆ ಹಾಕಿದಳು. ಮೊದಲ ಕಲ್ಲು ಕದಲಲು ಬಹಳ ಹೊತ್ತು ಹಿಡಿಯಿತು. ಪೂವಪ್ಪನೂ ಅವನ ಹೆಂಡತಿಯೂ ಬಂದು ಸೇರಿದರು. ಎರಡು ಕಲ್ಲು ಬಿದ್ದವು. ಆದರೆ ಗೋಡೆಯ ಆಚೆ ಬರೀ ತುಂಬಿಸಿದ ಮಣ್ಣು. ನೀರು ಹೋಗಲು ಅಲ್ಲಿ ದಾರಿಯೇ ಇರಲಿಲ್ಲ. ಕಿನ್ನಿ ಆ ಮಣ್ಣಿಗೇ ಹಾರೆ ಹಾಕುತ್ತಲೇ ಇದ್ದಳು. ಮೇಲಿನ ಬಾಲ್ಕನಿಯಲ್ಲಿ ಇಬ್ಬರು ಅತಿಥಿಗಳು ಚಹದ ಕಪ್ಪು ಹಿಡಿದು ನೋಡುತ್ತಾ ನಿಂತಿದ್ದರು.

ಸುದ್ದಿ ತಿಳಿದು ತಾರಾನಾಥ ಕೊಡೆ ಹಿಡಿದುಕೊಂಡು ಗೋಡೆಯ ಹತ್ತಿರ ಬಂದ.

"ಇದೆಂತ ಕಿನ್ನಿಯಕ್ಕ? ಗೋಡೆ ಒಡೆಯುವುದಾ? ನಾನು ಪೊಲೀಸಿಗೆ ಹೇಳಬೇಕಾ?"

"ಹೇಳಿ. ಅವರು ಬಂದು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ," ಎಂದಳು ಕಿನ್ನಿ. ಅವಳು ಸೊಂಟದವರೆಗೆ ಕೆಸರು ನೀರಿನಲ್ಲಿದ್ದಳು.

ತಾರಾನಾಥ ಒಳಗೆ ಹೋದ. ಆದರೆ ಅವನು ಫೋನು ಮಾಡಿದ್ದು ಮಣ್ಣಗುಡ್ಡಕ್ಕೆ. ಏನು ಮಾತಾಯಿತೋ, ವಾಪಸು ಬಂದವನು, "ದುಗ್ಗಪ್ಪ ಎಲ್ಲಿದ್ದಾನೆ ಈಗ?" ಎಂದು ಕೇಳಿದ. "ನೀರಿನ ದಾರಿ ಅವನಿಗೆ ಗೊತ್ತುಂಟು, ಅವನನ್ನು ಕೇಳು ಅಂತ ಅಮ್ಮ ಹೇಳ್ತಾರೆ."

ಯಾರೂ ಉತ್ತರ ಕೊಡುವ ಮೊದಲೇ ಕಾಲುದಾರಿಯಲ್ಲಿ ಬೂಬ ಕಾಣಿಸಿದ. ಅವನ ಹಿಂದೆ ಒಂದೇ ಕೊಡೆಯಲ್ಲಿ ದುಗ್ಗಪ್ಪ. ಬೂಬ ಬೆಳಿಗ್ಗೆ ಹೋದದ್ದು ಪಡೀಲಿಗೆ. ಅಲ್ಲಿ ಅವನು ಏನು ಹೇಳಿದ ಎಂಬುದನ್ನು ಆಮೇಲೂ ಕಿನ್ನಿಗೆ ತಿಳಿಸಲಿಲ್ಲ.

ದುಗ್ಗಪ್ಪ ನೀರಲ್ಲಿ ನಿಂತ ತಂಗಿಯನ್ನು ನೋಡಿದ. ಒಡೆದ ಗೋಡೆಯನ್ನು ನೋಡಿದ.

"ಅಲ್ಲಿ ಅಲ್ಲ," ಎಂದ. "ಅಲ್ಲಿ ಎಷ್ಟು ಅಗೆದರೂ ಪ್ರಯೋಜನ ಇಲ್ಲ. ಹಳೆಯ ಕಂಡಿಗಳ ಮೇಲೆಯೇ ಈಗ ಕಟ್ಟಡ ಕೂತಿದೆ."

ಅವನು ಲಾಡ್ಜಿನ ಅಂಗಳಕ್ಕೆ ಹೋದ. ತಾರಾನಾಥ ಅವನ ಜೊತೆ ನಡೆದ. ಕಾಲಡಿಯಲ್ಲಿದ್ದದ್ದು ಹೊಸದಾಗಿ ಹರಡಿದ ಜಲ್ಲಿ. ಗದ್ದೆಯ ಗುರುತು ಒಂದೂ ಇರಲಿಲ್ಲ. ದುಗ್ಗಪ್ಪ ಗುಡ್ಡದ ಮೇಲಿನ ಎರಡು ತಾಳೆ ಮರಗಳನ್ನು ನೋಡಿದ, ಹಿಂದೆ ತಿರುಗಿ ಹೆದ್ದಾರಿಯ ಮೋರಿಯನ್ನು ನೋಡಿದ, ಹೆಜ್ಜೆ ಹಾಕಿದ. ಬಡಗು ಗೋಡೆಯ ಹತ್ತಿರ ನಿಂತು ಕಾಲಿನಿಂದ ನೆಲಕ್ಕೆ ಒತ್ತಿದ.

"ಹೆಚ್ಚಿನ ನೀರು ಹೋಗಲಿಕ್ಕೆ ಇಲ್ಲಿ ಒಂದು ಸಣ್ಣ ಕಣಿ ಇತ್ತು. ಮಳೆ ಹೆಚ್ಚಾಗಿ ಪೈರು ಮುಳುಗುವ ಹಾಗಾದರೆ ಮಾತ್ರ ನಾನು ಅದನ್ನು ತೆರೀತಿದ್ದದ್ದು. ಈ ಬದಿಯಲ್ಲೇ ಉದ್ದಕ್ಕೆ ಅಗೆಯಿರಿ. ಐದಾರು ಅಡಿ ಆಳಕ್ಕೆ ಹಳೆಯ ಮಣ್ಣು ಸಿಗ್ತದೆ. ಕಪ್ಪು ಮಣ್ಣು. ಅದು ಸಿಕ್ಕಿದರೆ ನೀರು ತಾನಾಗಿ ಹೋಗ್ತದೆ."

ತಾರಾನಾಥ ಆಳುಗಳನ್ನು ಕರೆಸಿದ. ದುಗ್ಗಪ್ಪ ಪಂಚೆ ಎತ್ತಿ ಕಟ್ಟಿ ತಾನೂ ಕಣಿಗೆ ಇಳಿದ. ಮಧ್ಯಾಹ್ನ ಮೂರು ಗಂಟೆಗೆ ಕಪ್ಪು ಮಣ್ಣು ಸಿಕ್ಕಿತು. ನಾಲ್ಕೂವರೆಗೆ ಕಿನ್ನಿಯ ಅಂಗಳದ ನೀರು ಗೋಡೆಯ ಅಡಿಯಿಂದ ಸುಳಿ ಸುತ್ತಿಕೊಂಡು ಇಳಿಯತೊಡಗಿತು. ಮುಂದಿನ ವಾರ ಆ ಕಣಿಯಲ್ಲಿ ಸಿಮೆಂಟಿನ ಪೈಪು ಕೂರಿಸಿ ಮೇಲೆ ಮಣ್ಣು ಮುಚ್ಚಿದರು.

ಆ ದಿನ ಸಂಜೆ ದುಗ್ಗಪ್ಪ ತಂಗಿಯ ಜಗಲಿಯಲ್ಲಿ ಕೂತ. ಮಾಡು ತಗ್ಗಾಗಿದ್ದರಿಂದ ಒಳಗೆ ಹೋಗುವಾಗ ಅವನ ಹಣೆ ಅಡ್ಡತೊಲೆಗೆ ತಾಗಿತ್ತು. ಕಿನ್ನಿ ಚಹ ತಂದಿಟ್ಟಳು.

"ಕರಾರಿಗೆ ಸಹಿ ಹಾಕುವ ದಿನ ನನಗೆ ನೆನಪಿತ್ತು," ಎಂದ ದುಗ್ಗಪ್ಪ. "ನೀರಿಗೆ ದಾರಿ ಬಿಡಬೇಕು ಅಂತ ಹೇಳ್ಬೇಕು ಅಂತ ಮನೆಯಿಂದಲೇ ನಿಶ್ಚಯ ಮಾಡಿ ಹೋಗಿದ್ದೆ. ಅವರು ಪೆನ್ನು ಕೊಟ್ಟರು. ಈಗ ಹೇಳಿದರೆ ಅವರು ಎದ್ದು ಹೋದರೆ ಎಂತ ಮಾಡುವುದು ಅಂತ ಕಂಡಿತು. ವೀಸಾದವನು ಕಾಯ್ತಿದ್ದ. ಹಾಗೆ ಬಾಯಿ ಬರಲಿಲ್ಲ."

ಕಿನ್ನಿ ಒದ್ದೆ ಎಲೆಗಳಲ್ಲಿ ಒಳ್ಳೆಯದನ್ನು ಬೇರೆ ಮಾಡುತ್ತಿದ್ದಳು.

"ಚಹ ಆರ್ತದೆ, ಕುಡಿ," ಎಂದಳು.

ಅವಳಿಗೆ ಅಣ್ಣನ ಮೇಲಿನ ಸಿಟ್ಟು ಆ ದಿನ ಹೋಗಲಿಲ್ಲ. ಆದರೆ ಮುಂದಿನ ತಿಂಗಳು ದೇಯಿಗೆ ಜ್ವರ ಎಂದು ಕೇಳಿದಾಗ ಪಡೀಲಿಗೆ ಹೋಗಿ ಬಂದಳು.

ಪೈಪಿನ ಇನ್ನೊಂದು ತುದಿ ಲಾಡ್ಜಿನ ಗೋಡೆಯ ಆಚೆ, ಹೆದ್ದಾರಿಗೂ ಗೋಡೆಗೂ ನಡುವಿನ ಪಟ್ಟಿಯಲ್ಲಿ ತೆರೆಯುತ್ತಿತ್ತು. ಅಲ್ಲಿ ಅಲೀಮಮ್ಮನ ಮನೆಯಿತ್ತು. ಅವಳ ಗಂಡ ಇದಿನಬ್ಬ ಸೈಕಲಿನಲ್ಲಿ ಮೀನು ಮಾರುವವನು. ಜುಲೈಯಲ್ಲಿ ಒಂದು ಬೆಳಿಗ್ಗೆ ಅಲೀಮಮ್ಮ ಕಿನ್ನಿಯ ಅಂಗಳದಲ್ಲಿ ಬಂದು ನಿಂತಳು. ಇಬ್ಬರೂ ಒಂದೇ ಬ್ರಾಂಚಿಗೆ ಬೀಡಿ ಕೊಡುವವರು.

"ಕಿನ್ನಿಯಕ್ಕ, ನಿಮ್ಮ ನೀರು ಈಗ ನಮ್ಮ ಅಡಿಗೆ ಕೋಣೆಯಲ್ಲಿ ಉಂಟು."

ಕಿನ್ನಿಯ ಅಂಗಳ ಒಣಗಿ ಇಪ್ಪತ್ತು ದಿನವಾಗಿತ್ತು. ಹೊಸ ಒಲೆ ಹಾಕಿದ್ದಳು. ಪೈಪು ನನ್ನದಲ್ಲ, ಹಾಕಿಸಿದವರನ್ನು ಕೇಳು ಎಂದು ಹೇಳಬಹುದಿತ್ತು. ಆ ಮಾತು ಅವಳ ಬಾಯಿಯವರೆಗೂ ಬಂತು. ಎಲೆಯ ಗೆರಸೆಯನ್ನು ಬದಿಗಿಟ್ಟು ಎದ್ದಳು.

"ನಡಿ, ನೋಡುವ."

ಅಲೀಮಮ್ಮನ ಒಲೆಯೂ ಕರಗಿತ್ತು. ಪೈಪಿನ ಬಾಯಿಂದ ತೋಡಿಗೆ ಇದ್ದದ್ದು ಬರೇ ಮೂವತ್ತು ಹೆಜ್ಜೆ. ಇಬ್ಬರೂ ಲಾಡ್ಜಿಗೆ ಹೋದರು. ತಾರಾನಾಥ ಕೌಂಟರಿನಿಂದ ಹೊರಗೆ ಬಂದು ಕೇಳಿಸಿಕೊಂಡ. "ಅದು ನನ್ನ ಬೌಂಡರಿಯ ಹೊರಗೆ. ಅಲ್ಲಿ ಅಗೆಸಿದರೆ ರಸ್ತೆಯವರು ನನ್ನನ್ನು ಹಿಡೀತಾರೆ," ಎಂದ. ಸ್ವಲ್ಪ ಯೋಚಿಸಿ, "ನೀವು ಅಗೆದರೆ ನಾನು ನೋಡ್ಲಿಲ್ಲ," ಎಂದು ಸೇರಿಸಿದ.

ಕಿನ್ನಿ, ಅಲೀಮಮ್ಮ, ಇದಿನಬ್ಬ ಮತ್ತು ಬೂಬ ಎರಡು ದಿನ ಅಗೆದರು. ಬೂಬನ ಕಾರ್ಖಾನೆ ಆಗಲೇ ಮುಚ್ಚಿತ್ತು, ಅವನಿಗೆ ಬೇರೆ ಕೆಲಸವಿರಲಿಲ್ಲ. ಕಣಿಯ ಬದಿಗೆ ಅವನು ಹೆಂಚುಗಳನ್ನು ನಿಲ್ಲಿಸಿ ಕೂರಿಸಿದ. ನೀರು ತೋಡಿಗೆ ಹೋಯಿತು.

ಇಷ್ಟಾದ ಮೇಲೂ ಕಿನ್ನಿ ಅಲ್ಲಿ ಉಳಿಯಲಿಲ್ಲ. ಮುಂದಿನ ಬೇಸಗೆಯಲ್ಲಿ ಅವಳ ಬಾವಿಯ ನೀರಿಗೆ ವಾಸನೆ ಬರತೊಡಗಿತು. ಗೋಡೆಯ ಆಚೆ ಹತ್ತು ಅಡಿ ದೂರದಲ್ಲಿ ಲಾಡ್ಜಿನ ಕಕ್ಕಸುಗುಂಡಿ ಇತ್ತು. ಕುಡಿಯುವ ನೀರನ್ನು ದೂರದಿಂದ ಹೊತ್ತು ತರಬೇಕಾಯಿತು. ಬೂಬನಿಗೆ ಬೆನ್ನು ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ತಾರಾನಾಥನಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಎರಡು ಸಲ ಕೇಳಿ ಕಳಿಸಿದ್ದ. ಎಂಬತ್ತೆಂಟರ ಮೇ ತಿಂಗಳಲ್ಲಿ ಕಿನ್ನಿ ಒಪ್ಪಿದಳು.

ಹಂಪನಕಟ್ಟೆಯ ಒಂದು ಮಹಡಿಯಲ್ಲಿ ಪತ್ರ ಬರೆಯುವವನು ಕರಾರನ್ನು ಪೂರ್ತಿ ಓದಿ ಹೇಳಿದ. ತಾರಾನಾಥ ಪೆನ್ನು ಮುಂದೆ ಮಾಡಿದ. ಕಿನ್ನಿ ಅದನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಗೆರೆ ಬರೀಬೇಕು," ಎಂದಳು. "ಆ ಪೈಪು, ಅದರ ಮುಂದೆ ತೋಡಿಗೆ ಹೋಗುವ ಕಣಿ, ಎರಡನ್ನೂ ಮುಚ್ಚುವ ಹಾಗಿಲ್ಲ ಅಂತ."

"ಆ ಕಣಿ ನಿಮ್ಮ ಜಾಗದಲ್ಲಿ ಇಲ್ಲವಲ್ಲ ಅಮ್ಮ?" ಎಂದು ಬರೆಯುವವನು ಕೇಳಿದ. "ಇದನ್ನು ಬರೆದರೆ ಕೋರ್ಟಿನಲ್ಲಿ ನಿಲ್ತದೋ ಇಲ್ವೋ ನಾನು ಹೇಳಲಿಕ್ಕಾಗುವುದಿಲ್ಲ."

"ನಿಲ್ಲದಿದ್ದರೂ ಬರೀರಿ."

ಸಾಕ್ಷಿ ಹಾಕಲು ಬಂದಿದ್ದ ದುಗ್ಗಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ತಾರಾನಾಥ ಗಡಿಯಾರ ನೋಡಿಕೊಂಡು, "ಬರೀರಿ ಮಾರಾಯ್ರೆ, ಬರೀರಿ," ಎಂದ. ಗೆರೆ ಬರೆದಾಯಿತು. ಅದನ್ನು ಎರಡು ಸಲ ಓದಿಸಿ ಕೇಳಿದ ಮೇಲೆ ಕಿನ್ನಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಅವರು ಬಜಪೆಯ ಹತ್ತಿರ ಗುಡ್ಡದ ಮೇಲೆ ಸಣ್ಣ ಮನೆ ಮಾಡಿದರು. ಅಲ್ಲಿ ಜಾಗ ಅಗ್ಗದಲ್ಲಿ ಸಿಗುತ್ತಿತ್ತು. ಬೂಬನಿಗೆ ನೆಟ್ಟಗೆ ನಿಲ್ಲುವಷ್ಟು ಎತ್ತರಕ್ಕೆ ಮಾಡು ಕಟ್ಟಿಸಿದರು. ಆದರೆ ಅವನ ಬೆನ್ನು ಬಗ್ಗಿದ್ದು ಬಗ್ಗಿಯೇ ಉಳಿಯಿತು. ದಿನಕ್ಕೊಮ್ಮೆ ವಿಮಾನ ಮನೆಯ ಮೇಲೆಯೇ ಹೋಗುತ್ತಿತ್ತು. ಕಿನ್ನಿ ಹೊಸ ಬ್ರಾಂಚಿಗೆ ಬೀಡಿ ಕೊಡತೊಡಗಿದಳು. ಹಳೆಯ ಮನೆಯನ್ನು ಯಂತ್ರ ಬೇಕಾಗದೆ ಒಂದೇ ದಿನದಲ್ಲಿ ಆಳುಗಳು ಕೆಡವಿದರು ಎಂದು ಪೂವಪ್ಪ ಹೇಳಿದ.

ಮರುವರ್ಷ ಸೆಪ್ಟೆಂಬರಿನಲ್ಲಿ ಅವಳು ಸ್ಟೇಟ್ ಬ್ಯಾಂಕಿನ ಬಸ್ಸು ನಿಲ್ದಾಣದಲ್ಲಿ ಅಲೀಮಮ್ಮನನ್ನು ಕಂಡಳು. ಅಲೀಮಮ್ಮ ಆಸ್ಪತ್ರೆಗೆ ಬಂದವಳು, ಕೈಯಲ್ಲಿ ಔಷಧದ ಬಾಟಲಿಯಿತ್ತು. ಮಕ್ಕಳ ಬಗ್ಗೆ, ಬ್ರಾಂಚಿನ ಬಗ್ಗೆ ಮಾತಾಡಿದರು.

"ಈ ವರ್ಷ ನೀರು ಹೇಗೆ?" ಎಂದು ಕಿನ್ನಿ ಕೇಳಿದಳು.

"ಮೆಟ್ಟಿಲವರೆಗೆ ಬಂತು. ಒಳಗೆ ಬರಲಿಲ್ಲ."

"ಕಣಿ ಉಂಟಾ?"

"ಉಂಟು. ರಸ್ತೆ ಅಗಲ ಮಾಡುವವರು ಕೆಂಪು ಗುರುತು ಹಾಕಿ ಹೋಗಿದ್ದಾರೆ. ಮುಂದಿನ ವರ್ಷದ್ದು ಗೊತ್ತಿಲ್ಲ."

ಬಜಪೆಯ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಕಿನ್ನಿ ಅಲೀಮಮ್ಮನ ಕೈಯನ್ನೊಮ್ಮೆ ಹಿಡಿದು, ಬಿಟ್ಟು, ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿದಳು.